ಬೇಲಿಗೆ ನೋಟಿಸು ಬಂತು, ತಲೆ ಮೇಲಿನ ಕೊಂಬೆಗೆ ಯಾರೂ ಬರಲಿಲ್ಲ

ಮೂಲೆಮನೆ

ಎಲ್ಲರಿಗೂ ನಮಸ್ಕಾರ. ದಕ್ಷಿಣ ಬೆಂಗಳೂರಿನ ಒಂದು ಹಳೇ ಬಡಾವಣೆಯಲ್ಲಿ ನಮ್ಮದು ಮೂಲೆ ಸೈಟು. ಅಪ್ಪ ಕಟ್ಟಿಸಿದ ಮನೆ. ಕಾಂಪೌಂಡಿನ ಆಚೆ, ಫುಟ್‌ಪಾತಿಗೆ ಅಂಟಿಕೊಂಡು ಒಂದು ಪಟ್ಟಿ ಮಣ್ಣಿದೆ. ಅದರಲ್ಲಿ ಡುರಾಂಟ ಬೇಲಿ, ಎರಡು ದಾಸವಾಳ, ಒಂದು ನಂದಿಬಟ್ಟಲು, ತಿರುವಿನಲ್ಲಿ ಕಾಗದದ ಹೂವಿನ ಬಳ್ಳಿ. ಇಪ್ಪತ್ತು ವರ್ಷದಿಂದ ನೀರು ಹಾಕಿದ್ದು ನಾವು. ಬೆಳಗ್ಗೆ ಐದೂವರೆಗೆ ಬಂದು ಕವರ್ ತುಂಬ ಹೂ ಕಿತ್ತುಕೊಂಡು ಹೋಗುವವರು ಬೇರೆಯವರು. ಆ ಕಥೆ ಇನ್ನೊಂದು ದಿನ.

ಕಳೆದ ಮಂಗಳವಾರ ಪಾಲಿಕೆಯವರು ಗೇಟಿನ ಸಂದಿಗೆ ಒಂದು ನೋಟಿಸು ಸಿಕ್ಕಿಸಿ ಹೋಗಿದ್ದಾರೆ. ಬೇಲಿ ಫುಟ್‌ಪಾತಿಗೆ ಅಡ್ಡ ಬಂದಿದೆ, ಏಳು ದಿನದಲ್ಲಿ ತೆಗೆಯಬೇಕು, ಇಲ್ಲದಿದ್ದರೆ ನಾವೇ ತೆಗೆದು ಖರ್ಚು ನಿಮ್ಮಿಂದ ವಸೂಲಿ ಮಾಡುತ್ತೇವೆ. ಸರಿ. ಆದರೆ ಅದೇ ಬೇಲಿಯ ಮೇಲೆ ತಲೆ ಎತ್ತಿ ನೋಡಿದರೆ ಒಂದು ಗುಲ್‌ಮೊಹರ್. ಅದರ ಒಂದು ಕೊಂಬೆ ಪೂರ್ತಿ ಒಣಗಿ, ಕರೆಂಟ್ ವೈರಿನ ಮೇಲೆ ಒರಗಿದೆ. ಎಂಟು ತಿಂಗಳಲ್ಲಿ ಮೂರು ಸಲ ದೂರು ಕೊಟ್ಟೆ. ಮೂರಕ್ಕೂ 'ಪರಿಹರಿಸಲಾಗಿದೆ' ಅಂತ ಮೆಸೇಜು ಬಂತು. ಕೊಂಬೆ ಇನ್ನೂ ಅಲ್ಲೇ ಇದೆ. ಮರದವರು ವೈರಿನವರನ್ನು ಕೇಳಿ ಅನ್ನುತ್ತಾರೆ, ವೈರಿನವರು ಮರದವರನ್ನು ಕೇಳಿ ಅನ್ನುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಬೇಲಿ ನಾನು ಕಡಿಯಲೇಬೇಕಾ? ಆ ಜಾಗ ನನ್ನದಲ್ಲ ಅಂದ ಮೇಲೆ ಅಲ್ಲಿ ಬಿದ್ದ ಎಲೆ ಗುಡಿಸೋದು ಮಾತ್ರ ಹೇಗೆ ನನ್ನದಾಯಿತು?

ಎರಡನೇ ಅಡ್ಡರಸ್ತೆ

ಸರ್, ಕಡಿಯಬೇಡಿ. ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಮನೆ ಮುಂದೆಯೂ ಹೀಗೇ ಒಂದು ಪಟ್ಟಿ ಗಿಡ ಇತ್ತು. ಫುಟ್‌ಪಾತ್ ಕೆಲಸ ಅಂತ ಎಲ್ಲ ಕಿತ್ತರು. ನಾಲ್ಕನೇ ದಿನ ಯಾರೋ ಒಂದು ಹಳೇ ದಿಂಬು ತಂದು ಎಸೆದರು. ಮಾರನೇ ದಿನ ದಿಂಬಿನ ಪಕ್ಕ ಎರಡು ಕವರ್. ತಿಂಗಳು ತುಂಬುವುದರೊಳಗೆ ಕಸದ ಬ್ಲಾಕ್ ಸ್ಪಾಟ್ ಆಗಿತ್ತು. ಈಗ ಅಲ್ಲಿ ರಂಗೋಲಿ ಹಾಕಿ, ದೇವರ ಟೈಲ್ಸ್ ಅಂಟಿಸಿ ಕಾಯುತ್ತಿದ್ದೇವೆ. ಗಿಡ ಇದ್ದಾಗ ಈ ಕಾಟವೇ ಇರಲಿಲ್ಲ.

ಸ್ಕೂಟಿ ಸವಾರಿ

ಕಸ ಇಲ್ಲದಿದ್ದರೆ ಪಾರ್ಕಿಂಗ್. ನಮ್ಮ ಬೀದಿಯಲ್ಲಿ ಬೇಲಿ ತೆಗೆದ ಸಂಜೆಗೇ ಒಂದು ಕಾರು ಎರಡು ಚಕ್ರ ಫುಟ್‌ಪಾತಿಗೆ ಹತ್ತಿಸಿ ನಿಂತಿತ್ತು. ಕಾರಿಗೆ ನೋಟಿಸು ಕೊಟ್ಟಿದ್ದನ್ನು ನಾನಂತೂ ನೋಡಿಲ್ಲ.

ಬೆಳಗಿನ ವಾಕಿಂಗ್

ಎಲ್ಲ ಒಪ್ಪೋಣ. ಆದರೆ ಮೂಲೆಮನೆಯವರು ಒಂದು ವಿಷಯ ಹೇಳಲೇ ಇಲ್ಲವಲ್ಲ. ಬೇಲಿ ಬಿಟ್ಟು ನಡೆಯಲು ಎಷ್ಟು ಜಾಗ ಉಳಿದಿದೆ? ಟೇಪು ಹಿಡಿದು ಅಳೆದು ಬರೆಯಿರಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ ಪ್ರಕಾರ ಕಡಿಮೆ ಅಂದರೂ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ಏನೂ ಅಡ್ಡ ಇಲ್ಲದ ಹಾಗೆ ಬಿಟ್ಟಿರಬೇಕು. ನಮ್ಮ ಊರಲ್ಲಿ ಅಷ್ಟು ಎಲ್ಲಿ ಸಿಗುತ್ತೆ ಅನ್ನಬೇಡಿ. ಅರ್ಧ ಇದ್ದರೂ ಕೈ ಮುಗಿಯುತ್ತೇನೆ.

ಇನ್ನೊಂದು. ಡುರಾಂಟ ಹೊರಗಿನಿಂದ ಹಸಿರು ಗೋಡೆ ಥರ ಕಾಣಿಸುತ್ತದೆ, ನಿಜ. ಮಳೆ ಬಂದ ಮೇಲೆ ಅದನ್ನು ಸವರಿಕೊಂಡು ನಡೆದು ನೋಡಿ. ಒಂದು ಪಕ್ಕ ಪೂರ್ತಿ ಒದ್ದೆ.

ಹಳೇ ಎಇ

ಎಇ, ಅಂದರೆ ಸಹಾಯಕ ಇಂಜಿನಿಯರ್ ಆಗಿದ್ದೆ. ಸರ್ಕಾರಿ ಕೆಲಸದಿಂದ ನಿವೃತ್ತಿಯಾಗಿ ಆರು ವರ್ಷ ಆಯಿತು. ಇಂಥ ನೋಟಿಸುಗಳಿಗೆ ನಾನೂ ಸಹಿ ಹಾಕಿದ್ದೇನೆ, ಬೈಗುಳ ತಿಂದಿದ್ದೇನೆ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಬೇಲಿ. ಸಾರ್ವಜನಿಕ ರಸ್ತೆಗೆ ಚಾಚಿಕೊಂಡ ಬೇಲಿಯನ್ನು, ಓಡಾಟಕ್ಕೆ ಅಥವಾ ವಾಹನದವರ ನೋಟಕ್ಕೆ ಅಡ್ಡ ಬರುವ ರೆಂಬೆಯನ್ನು ಸವರಿ ಅಂತ ಮಾಲೀಕರಿಗೆ ನೋಟಿಸು ಕೊಡುವ ಅಧಿಕಾರ 1976ರ ಕಾರ್ಪೊರೇಷನ್ ಕಾಯ್ದೆಯಲ್ಲೇ ಇತ್ತು. ಇದು ಹೊಸ ಕಿರುಕುಳ ಅಲ್ಲ. ನಿಮ್ಮದು ಮೂಲೆ ಸೈಟು ಬೇರೆ. ಅಡ್ಡರಸ್ತೆಯಿಂದ ಬರುವ ಸ್ಕೂಟರಿನವನಿಗೆ ಮೇನ್ ರೋಡು ಕಾಣಿಸಬೇಕಾದ ಜಾಗವೇ ಅದು. ಅಲ್ಲಿ ಬಳ್ಳಿ ದಟ್ಟವಾಗಿದ್ದರೆ ಅವನು ಮುಂದಿನ ಚಕ್ರ ರಸ್ತೆಗೆ ಇಟ್ಟ ಮೇಲೆಯೇ ಬಸ್ಸು ನೋಡುತ್ತಾನೆ. ಕಾಂಪೌಂಡಿನ ಆಚೆಯ ಮಣ್ಣು ನಿಮ್ಮದಲ್ಲ, ನೀವು ಎಷ್ಟೇ ವರ್ಷ ನೀರು ಹಾಕಿರಿ.

ಈಗ ಮರ. ಇಲ್ಲೇ ತಮಾಷೆ ಇರುವುದು. ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯೂ 1976ರದ್ದೇ. ಒಂದೇ ವರ್ಷದ ಎರಡು ಕಾಯ್ದೆ. ಒಂದು 'ಸವರು' ಅನ್ನುತ್ತದೆ, ಇನ್ನೊಂದು 'ಕೇಳದೆ ಮುಟ್ಟಬೇಡ' ಅನ್ನುತ್ತದೆ. ಎರಡನೆಯದರಲ್ಲಿ 'ಮರ ಕಡಿಯುವುದು' ಅಂದರೆ ಬುಡಕ್ಕೆ ಕೊಡಲಿ ಹಾಕುವುದು ಮಾತ್ರ ಅಲ್ಲ. ಕೊಂಬೆ ಕತ್ತರಿಸುವುದು, ತೊಗಟೆ ಸುತ್ತ ಕೆತ್ತುವುದು, ವಿಷ ಹಾಕುವುದು, ಸುಡುವುದು ಎಲ್ಲ ಸೇರುತ್ತದೆ. ಅನುಮತಿ ಕೊಡಬೇಕಾದವರು ವೃಕ್ಷಾಧಿಕಾರಿ. ಹಾಗಾಗಿ ಬೇಲಿ ಬೆಳೆದರೆ ನಿಮ್ಮ ತಪ್ಪು, ಆ ಒಣ ಕೊಂಬೆಯನ್ನು ನೀವೇ ಕಡಿದರೂ ನಿಮ್ಮ ತಪ್ಪು. ಕಡಿಯದೆ ಬಿಟ್ಟು ಅದು ಬಿದ್ದರೆ ಮಾತ್ರ ಯಾರ ತಪ್ಪೂ ಅಲ್ಲ. 'ಗಾಳಿ ಮಳೆ' ಅಂತ ಬರೆದುಕೊಳ್ಳುತ್ತಾರೆ. ನಾವೂ ಬರೆದಿದ್ದೇವೆ.

ಒಳಗಿನ ವಿಷಯ ಇನ್ನೊಂದು ಹೇಳುತ್ತೇನೆ. ರಸ್ತೆ ಬದಿಯ ಮರ ನೋಡುವವರು ಅರಣ್ಯ ವಿಭಾಗದವರು. ಪಾರ್ಕು, ರಸ್ತೆ ಮಧ್ಯದ ಗಿಡ ತೋಟಗಾರಿಕೆಯವರದು. ಫುಟ್‌ಪಾತು, ಮೋರಿ ಇಂಜಿನಿಯರುಗಳದ್ದು. ವೈರು ಕರೆಂಟಿನವರದು. ಬಿದ್ದ ಸೊಪ್ಪು ಕಸದ ಗುತ್ತಿಗೆದಾರರದು. ನಿಮ್ಮ ಗೇಟಿನ ಮುಂದಿನ ಹತ್ತು ಅಡಿಯಲ್ಲಿ ಐದು ಜನರ ರಾಜ್ಯ ಇದೆ. ಬೇಲಿಗೆ ನೋಟಿಸು ಕೊಡಲು ಒಬ್ಬರ ಸಹಿ ಸಾಕು. ಆ ಕೊಂಬೆ ಇಳಿಸಲು ಮೂವರು ಒಂದೇ ದಿನ ಒಂದೇ ಹೊತ್ತಿಗೆ ಬರಬೇಕು. ಅದಕ್ಕೇ ಬೇಲಿಗೆ ಏಳು ದಿನ, ಕೊಂಬೆಗೆ ಎಂಟು ತಿಂಗಳು. ನಿಮ್ಮ ಮೇಲಿನ ದ್ವೇಷಕ್ಕಲ್ಲ.

ಮೂಲೆಮನೆ

ಸರ್, ದ್ವೇಷ ಇಲ್ಲ ಅಂತ ಗೊತ್ತಾಗಿ ಸಮಾಧಾನ ಆಗಬೇಕಿತ್ತು. ಜಾಸ್ತಿ ಭಯ ಆಯಿತು.

ಹೊಂಗೆನೆರಳು

ಹಳೇ ಎಇ ಸರ್ ಹೇಳಿದ್ದು ಸರಿ. ಒಂದೆರಡು ಮಾತು ಸೇರಿಸುತ್ತೇನೆ. ಕಾಂಪೌಂಡಿನ ಒಳಗಿನ ಸ್ವಂತ ಮರಕ್ಕೂ ಅನುಮತಿ ಬೇಕು, ಬಹಳ ಜನರಿಗೆ ಇದು ಗೊತ್ತಿಲ್ಲ. ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಇಂಥ ಕೆಲವಕ್ಕೆ ಮಾತ್ರ ವಿನಾಯಿತಿ. ದಾಸವಾಳ, ಡುರಾಂಟ ಎಲ್ಲ ಗಿಡದ ಲೆಕ್ಕ, ಅವನ್ನು ಸವರಲು ಯಾರನ್ನೂ ಕೇಳಬೇಕಾಗಿಲ್ಲ.

ಗುಲ್‌ಮೊಹರ್ ಅಂದಿರಿ. ಅದರ ಬೇರು ಆಳಕ್ಕೆ ಹೋಗುವುದಿಲ್ಲ, ಮರ ಮೆದು. ನಮ್ಮ ಹೊಂಗೆ ಹಾಗಲ್ಲ. ಆದರೆ ಎಲ್ಲಾ ತಪ್ಪನ್ನೂ ಮರದ ಮೇಲೆ ಹಾಕಬೇಡಿ. ಬುಡ ನೋಡಿದ್ದೀರಾ? ಸಿಮೆಂಟು ಕಾಂಡದವರೆಗೂ ಬಂದಿದೆಯಾ? ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಅಂತ ಹೇಳಿತು. ನಮ್ಮಲ್ಲಿ ಫುಟ್‌ಪಾತ್ ಕೆಲಸದವರು ಮರದ ಕತ್ತಿಗೆ ಟೈ ಕಟ್ಟಿದ ಹಾಗೆ ಸಿಮೆಂಟು ಹಾಕಿ ಹೋಗುತ್ತಾರೆ. ಆಮೇಲೆ ಕೇಬಲ್‌ಗೆ ಅಂತ ಒಂದು ಕಡೆ ಅಗೆತ, ಮೋರಿಗೆ ಅಂತ ಇನ್ನೊಂದು ಕಡೆ ಅಗೆತ. ಎರಡೂ ಕಡೆ ಬೇರು ಹೋಯಿತು. ಮರ ನಿಂತಿರುವುದು ಅಭ್ಯಾಸ ಬಲದಿಂದ.

2024ರ ಜೂನ್ 2ರ ಮಳೆ ನೆನಪಿದೆಯಾ? ಒಂದೇ ದಿನ 111 ಮಿಲಿಮೀಟರ್. ಜೂನ್ ತಿಂಗಳಲ್ಲಿ ಒಂದು ದಿನಕ್ಕೆ ಅಷ್ಟು ಮಳೆ 133 ವರ್ಷದಲ್ಲಿ ಬಂದಿರಲಿಲ್ಲ. ಮಾರನೇ ಬೆಳಗ್ಗೆ ನಮ್ಮ ಕಡೆ ಬಿದ್ದ ಮರಗಳ ಬುಡ ನೋಡುತ್ತಾ ಹೋದೆ. ಬೇರು ಇರಬೇಕಾದ ಜಾಗದಲ್ಲಿ ಚಪ್ಪಟೆ ತಟ್ಟೆ. ಒಂದರ ಬುಡದಲ್ಲಿ ಹಳೇ ಚಪ್ಪಡಿ ಕಲ್ಲು ಹಾಗೇ ಕಚ್ಚಿಕೊಂಡು ಮೇಲೆ ಎದ್ದಿತ್ತು.

ಹಳೇ ಎಇ

ಹೌದು. ಇನ್ನೊಂದು ಕೆಟ್ಟ ಪದ್ಧತಿ ಇದೆ. ವೈರಿನ ಕಡೆಯ ಕೊಂಬೆ ಮಾತ್ರ ಕಡಿದು ಹೋಗುವುದು. ಮೂರು ನಾಲ್ಕು ವರ್ಷ ಹೀಗೆ ಮಾಡಿದರೆ ಭಾರ ಎಲ್ಲ ಮನೆ ಕಡೆಗೆ ಬರುತ್ತದೆ. ಬೀಳುವಾಗ ಮನೆ ಮೇಲೇ ಬೀಳುತ್ತದೆ. ಮೂಲೆಮನೆಯವರೇ, ನಿಮ್ಮ ಮರ ಯಾವ ಕಡೆ ವಾಲಿದೆ ನೋಡಿ.

ಮೂಲೆಮನೆ

ಸರ್, ಈಗ ನೋಡಿ ಬಂದೆ. ನೋಡಬಾರದಿತ್ತು.

ಎರಡನೇ ಅಡ್ಡರಸ್ತೆ

ಈ ಮರ ನೆಟ್ಟವರು ಯಾರು ಹೇಳಿ? ಸರ್ಕಾರದವರೇ ಅಲ್ವಾ? ನೆಟ್ಟವರು ನೋಡಿಕೊಳ್ಳಲಿ.

ಹೊಂಗೆನೆರಳು

ನೆಟ್ಟವರ ಹೆಸರು ಕೇಳಿದಿರಿ, ಹೇಳುತ್ತೇನೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ಬೆಂಗಳೂರಿನ ಬೀದಿಗಳಲ್ಲಿ 15 ಲಕ್ಷದಷ್ಟು ಗಿಡ ನೆಟ್ಟರು. ಗುಂಡೂರಾಯರು ಮುಖ್ಯಮಂತ್ರಿಯಾಗಿದ್ದಾಗ ಶುರುವಾದ ಕೆಲಸ. ಹಳೇ ಬಡಾವಣೆಗಳಲ್ಲಿ ಇವತ್ತು ನೆರಳು ಕೊಡುತ್ತಿರುವ ಎಷ್ಟೋ ಮರ ಆಗಿನವು. ಸರ್ಕಾರ ಗಿಡ ಕೊಟ್ಟಿತು, ಸುತ್ತ ಬೇಲಿ ಕೊಟ್ಟಿತು. ಬೇಸಿಗೆಯಲ್ಲಿ ಬಿಂದಿಗೆ ನೀರು ಹಾಕಿದವರು ಆ ಬೀದಿಯ ಮನೆಯವರು. ನಮ್ಮಮ್ಮ ಅಕ್ಕಿ ತೊಳೆದ ನೀರು ಹಾಕುತ್ತಿದ್ದರು. ಹಾಗಾದರೆ ಆ ಮರ ಯಾರದು? ನನಗೆ ಇದಕ್ಕೆ ನೆಟ್ಟಗೆ ಉತ್ತರ ಕೊಡಲು ಆಗಿಲ್ಲ.

ಬಿಳಿಕೋಲು

ಇಷ್ಟೊತ್ತು ಓದುತ್ತಿದ್ದೆ. ಅಂದರೆ ಫೋನು ಓದಿ ಹೇಳುತ್ತಿತ್ತು, ನಾನು ಕೇಳುತ್ತಿದ್ದೆ. ನನಗೆ ಕಣ್ಣು ಕಾಣಿಸುವುದಿಲ್ಲ.

ಕೋಲು ನೆಲ ಹೇಳುತ್ತದೆ. ಕಲ್ಲು, ಗುಂಡಿ, ಮೋರಿಯ ಬಾಯಿ, ಮಲಗಿದ ನಾಯಿ, ಎಲ್ಲ ಕೋಲಿಗೆ ಸಿಗುತ್ತದೆ. ಮುಖದ ಎತ್ತರಕ್ಕೆ ಬಂದ ರೆಂಬೆ ಕೋಲಿಗೆ ಸಿಗುವುದಿಲ್ಲ. ಅದು ಮೊದಲು ಸಿಗುವುದು ಹುಬ್ಬಿಗೆ. ಕಾಗದದ ಹೂವಿನ ಬಳ್ಳಿ ಎಷ್ಟು ಚೆಂದ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಗೊತ್ತಿರುವುದು ಅದರ ಮುಳ್ಳು. ಹೋದ ವರ್ಷ ಒಂದು ಮುಳ್ಳು ಕಣ್ಣಿನ ಪಕ್ಕ ಮುರಿದು ಉಳಿದು, ಡಾಕ್ಟರು ಚಿಮುಟದಲ್ಲಿ ತೆಗೆದರು. "ಕಣ್ಣಿಗೆ ಹೋಗಿದ್ದರೆ" ಅಂದರು. ನಾನು ನಕ್ಕೆ. ಪಾಪ, ಅವರು ನಗಲಿಲ್ಲ.

ಬೇಲಿ ಇರುವ ಕಡೆ ನಾನು ರಸ್ತೆಗೆ ಇಳಿಯುತ್ತೇನೆ. ಹಿಂದಿನಿಂದ ಬರುವ ಎಲೆಕ್ಟ್ರಿಕ್ ಸ್ಕೂಟರಿಗೆ ಸದ್ದೇ ಇಲ್ಲ ಈಗ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಫುಟ್‌ಪಾತಿನಲ್ಲಿ ನಡೆಯುವ ಹಕ್ಕು ಬದುಕುವ ಹಕ್ಕಿನ ಭಾಗ ಅಂತ ಹೇಳಿದೆ. ಅದನ್ನು ಹಿಡಿದು ಜಗಳಕ್ಕೆ ಬಂದಿಲ್ಲ. ಮೂಲೆಮನೆಯವರೇ, ಬೇಲಿ ಪೂರ್ತಿ ತೆಗೆಯಬೇಡಿ. ಬೇಲಿಯ ಬುಡ ನನಗೆ ದಾರಿ ತೋರಿಸುತ್ತದೆ, ಕೋಲು ತಾಗಿಸಿಕೊಂಡು ನೇರ ಹೋಗಬಹುದು. ಕಾಂಪೌಂಡಿಗೆ ಸರಿಯಾಗಿ ಹಿಂದಕ್ಕೆ ಸವರಿ. ಬಳ್ಳಿಯನ್ನು ಮಾತ್ರ ಒಳಗೆ ಎಳೆದುಕೊಳ್ಳಿ.

ಬೆಳಗಿನ ವಾಕಿಂಗ್

ನಾನು ಬರೆದ ಮೀಟರು ಲೆಕ್ಕಕ್ಕಿಂತ ಇದು ಚೆನ್ನಾಗಿ ಅರ್ಥ ಆಯಿತು.

ಖಾಲಿ ಸೈಟಿನ ಪಕ್ಕ

ನನ್ನದು ಸ್ವಲ್ಪ ಬೇರೆ ಗೋಳು, ಆದರೂ ಇಲ್ಲೇ ಹಾಕುತ್ತೇನೆ. ಹೊರವಲಯದ ಬಡಾವಣೆ. ಪಕ್ಕದ ಸೈಟು ಹನ್ನೆರಡು ವರ್ಷದಿಂದ ಖಾಲಿ. ಮಾಲೀಕರು ವಿದೇಶದಲ್ಲಿ. ಮಳೆ ಶುರುವಾದರೆ ಕಾಂಗ್ರೆಸ್ ಗಿಡ ಎದೆ ಎತ್ತರ, ಹರಳು ಗಿಡ ಅದಕ್ಕಿಂತ ಎತ್ತರ, ಲಂಟಾನ ರಸ್ತೆಗೆ ಮಲಗುತ್ತದೆ. ನನ್ನ ಮಗಳಿಗೆ ಕಾಂಗ್ರೆಸ್ ಗಿಡ ಹೂ ಬಿಟ್ಟರೆ ಸಾಕು, ಶೀನು, ಮೈಯೆಲ್ಲ ಕೆರೆತ. ಹೋದ ಆಗಸ್ಟಿನಲ್ಲಿ ನಮ್ಮ ವಾಷಿಂಗ್ ಮಷೀನ್ ಹಿಂದೆ ಕೆರೆಹಾವು. ಉರಗ ರಕ್ಷಕರು ಬಂದು ಹಿಡಿದರು. "ಇದು ಬಂದಿದ್ದಕ್ಕೆ ಖುಷಿಪಡಿ ಮೇಡಂ, ಇಲಿ ಇದೆ ಅಂತ ಅರ್ಥ" ಅಂದರು. ಅದರಲ್ಲಿ ಖುಷಿ ಪಡಲು ಏನಿದೆ ಅಂತ ಇನ್ನೂ ಯೋಚಿಸುತ್ತಿದ್ದೇನೆ.

ದೂರು ಕೊಟ್ಟರೆ ಮಾಲೀಕರಿಗೆ ನೋಟಿಸು ಕಳಿಸಿದ್ದೇವೆ ಅನ್ನುತ್ತಾರೆ. ಎಲ್ಲಿಗೆ ಅಂದರೆ ಖಾತೆಯಲ್ಲಿ ಇರುವ ವಿಳಾಸಕ್ಕೆ. ಖಾತೆಯಲ್ಲಿ ಇರುವ ವಿಳಾಸ ಯಾವುದು ಗೊತ್ತಾ? ಅದೇ ಖಾಲಿ ಸೈಟು! ಪೋಸ್ಟ್‌ಮ್ಯಾನ್ ಬಂದು ಗಿಡಗಳನ್ನು ನೋಡಿ ನಮ್ಮ ಮನೆ ಬೆಲ್ ಮಾಡಿದರು.

ಹಳೇ ಎಇ

ಅಕ್ಕ, ನಗಬಾರದು, ನಕ್ಕುಬಿಟ್ಟೆ. ಖಾಲಿ ಸೈಟನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವುದು ಮಾಲೀಕರ ಹೊಣೆ. ಅವರು ಮಾಡದಿದ್ದರೆ ಪಾಲಿಕೆಯೇ ಮಾಡಿಸಿ ಖರ್ಚು ವಸೂಲಿ ಮಾಡಲು ಕಾನೂನಿನಲ್ಲಿ ದಾರಿ ಇದೆ. ಆದರೆ ಮೊದಲು ಕೈಯಿಂದ ದುಡ್ಡು ಹಾಕಬೇಕು, ಆಮೇಲೆ ವಸೂಲಿ. ಅಲ್ಲೇ ಫೈಲು ಕೂರುತ್ತದೆ. ಖಾಲಿ ಸೈಟಿಗೂ ಆಸ್ತಿ ತೆರಿಗೆ ಇದೆ. ಯಾರೋ ಕಟ್ಟುತ್ತಿದ್ದರೆ ಅವರ ಫೋನ್ ನಂಬರು ಕಚೇರಿಯ ದಾಖಲೆಯಲ್ಲಿ ಇರಲೇಬೇಕು. 'ನಂಬರ್ ನನಗೆ ಕೊಡಬೇಡಿ, ನೀವೇ ಅವರಿಗೆ ಫೋನ್ ಮಾಡಿ' ಅಂತ ಕಂದಾಯದವರಿಗೆ ಬರೆದು ಕೊಡಿ. ಪಾರ್ಥೇನಿಯಂ, ಅಂದರೆ ನೀವು ಹೇಳಿದ ಕಾಂಗ್ರೆಸ್ ಗಿಡ, ಹೂ ಬಿಡುವ ಮೊದಲೇ ಕೀಳಿಸಿ. ಬೀಜ ಉದುರಿದ ಮೇಲೆ ಕಿತ್ತರೆ ಮುಂದಿನ ವರ್ಷಕ್ಕೆ ಬಿತ್ತನೆ ಮಾಡಿದ ಹಾಗೆ.

ಸ್ಕೂಟಿ ಸವಾರಿ

ಮೊದಲಾಗಿದ್ದರೆ ಕಾರ್ಪೊರೇಟರ್ ಮನೆ ಮುಂದೆ ನಿಂತು ಒಂದು ಕೂಗು ಹಾಕಿದರೆ ಮಧ್ಯಾಹ್ನಕ್ಕೆ ಗರಗಸ ಬರುತ್ತಿತ್ತು. 2020ರ ಸೆಪ್ಟೆಂಬರಿಗೆ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಆಯಿತು. ಬೋರ್ಡು ಐದಾಯಿತು, ಏಣಿ ಎಷ್ಟಾಯಿತೋ.

ಎರಡನೇ ಅಡ್ಡರಸ್ತೆ

ಕಾರ್ಪೊರೇಟರ್ ಕಾಲದ್ದೂ ಹೇಳಿ ಗುರು. ಅಂಗಡಿ ಬೋರ್ಡು ಕಾಣಿಸಲಿ ಅಂತ ಇಡೀ ಮರ ಬೋಳಿಸಿದ್ದೂ ಅವರ ಕಾಲದಲ್ಲೇ.

ಹೊಂಗೆನೆರಳು

ಮೂಲೆಮನೆಯವರಿಗೆ ಮುಂದಿನ ಹೆಜ್ಜೆ ಹೇಳೋಣ, ಜಗಳ ಆಮೇಲೆ. ಪಾಲಿಕೆಯ ಸಹಾಯವಾಣಿ 1533ಕ್ಕೆ ಫೋನ್ ಮಾಡಿ ದೂರಿನ ನಂಬರು ತೆಗೆದುಕೊಳ್ಳಿ. ಅದಷ್ಟೇ ಸಾಲದು. ಕರೆಂಟಿನವರಿಗೆ 1912ರಲ್ಲಿ ಬೇರೆ ದೂರು ಕೊಡಿ. ಎರಡು ನಂಬರನ್ನೂ ಒಂದೇ ಪತ್ರದಲ್ಲಿ ಬರೆದು, ವೃಕ್ಷಾಧಿಕಾರಿಗೆ ಕೈಯಾರೆ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಎರಡು ಫೋಟೋ ಇರಲಿ, ಒಂದು ಹತ್ತಿರದಿಂದ, ಒಂದು ದೂರದಿಂದ. ದೂರದ್ದರಲ್ಲಿ ಮಕ್ಕಳು ಓಡಾಡುತ್ತಿದ್ದರೆ ಒಳ್ಳೆಯದು. 'ಮರ ತೆಗೆಯಿರಿ' ಅಂತ ಬರೆಯಬೇಡಿ, 'ಒಣ ಕೊಂಬೆ ಮಾತ್ರ' ಅಂತ ಅಡಿಗೆರೆ ಹಾಕಿ ಬರೆಯಿರಿ. ಇಲ್ಲದಿದ್ದರೆ ಬಂದ ಗುತ್ತಿಗೆಯವರು ಸೌದೆ ಆಸೆಗೆ ಅರ್ಧ ಮರ ಇಳಿಸಿಬಿಡುತ್ತಾರೆ. ಕೊಂಬೆಯಲ್ಲಿ ಗೂಡು ಇದೆಯಾ ಅಂತಲೂ ನೋಡಿ.

ಮೂಲೆಮನೆ

ಮೂರು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಅಳೆದೆ. ಫುಟ್‌ಪಾತು ಒಟ್ಟು ಒಂದೂವರೆ ಮೀಟರ್. ಅದರಲ್ಲಿ ಬೇಲಿ ತಿಂದಿದ್ದು ಎಂಬತ್ತು ಸೆಂಟಿಮೀಟರ್. ಉಳಿದ ಎಪ್ಪತ್ತರಲ್ಲಿ ಒಂದು ಕರೆಂಟ್ ಕಂಬ. ಟೇಪು ಹಿಡಿದು ನಿಂತಿದ್ದಾಗ ಸ್ಕೂಲು ಬಿಟ್ಟ ಹೊತ್ತು. ಎದುರಿಂದ ಮಕ್ಕಳು ಬಂದರು. ನಮ್ಮ ಬೇಲಿ ಹತ್ತಿರ ಬಂದ ತಕ್ಷಣ ಸಾಲಾಗಿ ರಸ್ತೆಗೆ ಇಳಿದರು, ಬೇಲಿ ಮುಗಿದ ತಕ್ಷಣ ಸಾಲಾಗಿ ಹತ್ತಿದರು. ಯಾರೂ ನೋಡಲೂ ಇಲ್ಲ. ಕಾಲಿಗೆ ಅಷ್ಟು ರೂಢಿ ಆಗಿದೆ. ನಾನು ಇಪ್ಪತ್ತು ವರ್ಷ ಗೇಟಿನ ಒಳಗಿನಿಂದ ಬೇಲಿ ನೋಡಿದ್ದೆ. ಆಚೆಯಿಂದ ನೋಡಿರಲಿಲ್ಲ.

ಮನೆಯಲ್ಲಿ ಒಂದು ಸುತ್ತು ಮಾತಾಯಿತು. "ನೋಟಿಸಿಗೆ ಹೆದರಿದ್ರಾ?" ಅಂದಳು ನನ್ನ ಹೆಂಡತಿ. ಇಲ್ಲ ಅಂದೆ. ನಂಬಲಿಲ್ಲ. ಭಾನುವಾರ ತೋಟದ ಕೆಲಸದವರನ್ನು ಕರೆಸಿ ಕಾಂಪೌಂಡಿನಿಂದ ಒಂದು ಗೇಣು ಬಿಟ್ಟು ಡುರಾಂಟ ಹಿಂದಕ್ಕೆ ಸವರಿಸಿದೆವು. ಹೊರಗೆ ಹಸಿರು, ಒಳಗೆ ಬರೀ ಕಡ್ಡಿ, ಪೊರಕೆ ಥರ. ಅದರೊಳಗೆ ಸಿಕ್ಕಿದ್ದು: ಮೂರು ಕ್ರಿಕೆಟ್ ಬಾಲು, ಒಂದು ಹೆಲ್ಮೆಟ್ಟಿನ ಗಾಜು, ಲೆಕ್ಕ ಇಲ್ಲದಷ್ಟು ಗುಟ್ಕಾ ಚೀಟಿ. ಬಳ್ಳಿಯನ್ನು ಒಳಗೆ ಎಳೆದು ಗ್ರಿಲ್ಲಿಗೆ ಕಟ್ಟಿದ್ದೇವೆ. ಬಿಳಿಕೋಲು ಅವರೇ, ಬೇಲಿಯ ಬುಡ ನೇರ ಇದೆ. ಕಂಬ ಮಾತ್ರ ಅಲ್ಲೇ ಇದೆ. ಅದಕ್ಕೆ ನೋಟಿಸು ಕೊಡುವವರು ಯಾರೂ ಇಲ್ಲ.

ಇನ್ನು ಕೊಂಬೆ. ಪತ್ರ ಕೊಟ್ಟು ಸೀಲು ಹಾಕಿಸಿಕೊಂಡೆ. ಹದಿನಾರನೇ ದಿನ ಬೆಳಗ್ಗೆ ಕರೆಂಟು ಹೋಯಿತು. ಹೊರಗೆ ಬಂದರೆ ಲಾರಿ ನಿಂತಿದೆ! ಒಬ್ಬ ಹುಡುಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಆಗಲೇ ಮೇಲಿದ್ದ. ಕೊಂಬೆಯ ಬುಡದಲ್ಲಿ ಬಂದಳಿಕೆ ಅನ್ನುವ ಪರಾವಲಂಬಿ ಗಿಡ ಹತ್ತಿತ್ತಂತೆ, ಅದಕ್ಕೇ ಒಣಗಿದ್ದು. ಪುಣ್ಯಕ್ಕೆ ಗೂಡು ಇರಲಿಲ್ಲ. ನಾಲ್ಕು ತುಂಡು ಮಾಡಿ ಹಗ್ಗದಲ್ಲಿ ಇಳಿಸಿದ. ನಲವತ್ತು ನಿಮಿಷದ ಕೆಲಸ. ಎಂಟು ತಿಂಗಳು ಕಾದಿದ್ದು ಈ ನಲವತ್ತು ನಿಮಿಷಕ್ಕೆ. ಹುಡುಗನಿಗೆ ಹೆಲ್ಮೆಟ್ ಇರಲಿಲ್ಲ, ಕಾಲಲ್ಲಿ ಹವಾಯಿ ಚಪ್ಪಲಿ. ಇಳಿದು ಬಂದ ಮೇಲೆ ಟೀ ಕೊಟ್ಟೆವು. "ಬುಡದ ಸಿಮೆಂಟು ಒಡೆಸಿ ಸರ್, ಇಲ್ಲಾಂದ್ರೆ ಇದೂ ಹೋಗುತ್ತೆ" ಅಂದ. ಹೊಂಗೆನೆರಳು ಹೇಳಿದ ಮಾತೇ.

ಹಳೇ ಎಇ

ಹದಿನಾರು ದಿನಕ್ಕೆ ಮೂರು ಕಡೆಯವರು ಒಟ್ಟಿಗೆ ಬಂದರಾ? ಆ ಪತ್ರದ ನಕಲು ಹಾಕಿ ಸ್ವಾಮಿ, ಹೆಸರು ವಿಳಾಸ ಮುಚ್ಚಿ. ಎಲ್ಲರಿಗೂ ಬೇಕಾಗುತ್ತದೆ.

ಮೂಲೆಮನೆ

ಮೂರು ಕಡೆಯವರಲ್ಲ ಸರ್, ಎರಡು ಕಡೆಯವರು. ಸೊಪ್ಪು ಸಾಗಿಸುವವರು ಬಂದಿಲ್ಲ. ಕಡಿದ ಕೊಂಬೆ, ರೆಂಬೆ ಎಲ್ಲ ಫುಟ್‌ಪಾತಿನ ಮೇಲೇ ರಾಶಿ ಹಾಕಿ ಹೋಗಿದ್ದಾರೆ. ಇವತ್ತಿಗೆ ಐದು ದಿನ. ನಾನು ಎಂಬತ್ತು ಸೆಂಟಿಮೀಟರ್ ಬಿಟ್ಟುಕೊಟ್ಟಿದ್ದೆ. ಈಗ ಒಂದೂವರೆ ಮೀಟರೂ ಇಲ್ಲ. ಮಕ್ಕಳು ಮತ್ತೆ ರಸ್ತೆಯಲ್ಲಿ.

ಬೆಳಗಿನ ವಾಕಿಂಗ್

ದಪ್ಪ ತುಂಡು ಇಸ್ತ್ರಿಯವರೋ ಹೋಟೆಲಿನವರೋ ಒಯ್ಯುತ್ತಾರೆ, ಒಂದು ಮಾತು ಹೇಳಿ ನೋಡಿ. ಸಣ್ಣ ಸೊಪ್ಪು ಒಣಗಿದ ಮೇಲೆ ಗೊಬ್ಬರಕ್ಕೆ. ದಯವಿಟ್ಟು ಬೆಂಕಿ ಮಾತ್ರ ಹಾಕಬೇಡಿ, ಹಾಕಲೂ ಬಿಡಬೇಡಿ. ರಾತ್ರಿ ಯಾರಾದರೂ ಕಡ್ಡಿ ಗೀರಿ ಹೋಗುತ್ತಾರೆ.

ಖಾಲಿ ಸೈಟಿನ ಪಕ್ಕ

ಮೂಲೆಮನೆಯವರೇ, ಆ ದಾಸವಾಳ ಯಾವ ಬಣ್ಣ? ಬಿಳಿ ಇದ್ದರೆ ಒಂದೆರಡು ಕಡ್ಡಿ ಎತ್ತಿಡಿ. ಕಾಂಪೌಂಡಿನ ಒಳಗೇ ಹಾಕುತ್ತೇನೆ, ಆಣೆ.

ಮೂಲೆಮನೆ

ಒಂದು ಬಿಳಿ, ಒಂದು ಕೆಂಪು. ಶನಿವಾರ ಬನ್ನಿ ಮೇಡಂ. ಮುಂದಿನ ಗೇಟು ರಾಶಿಗೆ ಸಿಕ್ಕಿ ಪೂರ್ತಿ ತೆರೆಯುತ್ತಿಲ್ಲ, ಅಡ್ಡರಸ್ತೆ ಕಡೆಯ ಸಣ್ಣ ಗೇಟಿಗೆ ಬನ್ನಿ. ಬೆಳಗ್ಗೆ ಐದೂವರೆಗೆ ಮುಂಚೆ ಬಂದರೆ ಹೂವೂ ಸಿಗುತ್ತೆ.